ಎಡೆಗೆ ತಂದ ಸಿಗಡಿ

ಸಿಗಡಿ ಚುಚ್ಚಿ ಆಸ್ಪತ್ರೆ ಸೇರಿದ್ದೆ ಎಂದರೆ ಕೇಳಿದವರು ಮೊದಲು ನಗುತ್ತಾರೆ. ನಗಲಿ ಬಿಡಿ, ಆ ನಗುವಿಗೆ ನಾನು ಒಗ್ಗಿಹೋಗಿದ್ದೇನೆ. ಆಮೇಲೆ ಅವರ ಕಣ್ಣು ನನ್ನ ಬಲಗೈ ಕಡೆ ಹೋಗುತ್ತದೆ. ಹೆಬ್ಬೆರಳಿನ ಬುಡದಿಂದ ಮೊಣಕೈವರೆಗೆ ಬೇರೆ ಬಣ್ಣದ ತೇಪೆ ಹಾಕಿದಂತಿರುವ ಚರ್ಮ ನೋಡಿ ಮಾತು ಬದಲಾಯಿಸುತ್ತಾರೆ. ನಾನು ಟೈಲರ್. ಊರವರ ಬಟ್ಟೆಗೆಲ್ಲ ತೇಪೆ ಹಾಕಿದವಳು ನಾನೇ, ನನ್ನ ತೊಡೆಯಿಂದ ತೆಗೆದು ಕೈಗೆ ಹಾಕಿದ ಈ ತೇಪೆಯನ್ನು ಮಾತ್ರ ಬೇರೆಯವರು ಹಾಕಿದರು. ಕೆಲಸ ಅಚ್ಚುಕಟ್ಟಾಗಿದೆ, ಬಣ್ಣ ಹೊಂದಲಿಲ್ಲ ಅಷ್ಟೆ.

ಈಗಲೂ ಯಾವುದೋ ಆಸ್ಪತ್ರೆಯ ಬೆಂಚಿನ ಮೇಲೆ, ತನಗೆ ಏನಾಯಿತು ಎಂದು ಹೇಳಿಕೊಳ್ಳಲು ನಾಚಿಕೊಂಡು ಕೂತವರು ಇರುತ್ತಾರೆ. ಅವರಿಗೆಂದು ಇದನ್ನು ಬರೆಯುತ್ತಿದ್ದೇನೆ. ನನಗೆ ಆದದ್ದರಲ್ಲಿ ಅರ್ಧವನ್ನು ಡಾಕ್ಟರು ಬಿಡಿಸಿ ಹೇಳಿದರು. ಇನ್ನರ್ಧವನ್ನು ಯಾರೂ ಬಿಡಿಸಿ ಹೇಳಲಿಲ್ಲ, ಅದನ್ನೂ ಬಚ್ಚಿಡುವುದಿಲ್ಲ.

ನಮ್ಮ ಮನೆ ಇರುವುದು ಕೃಷ್ಣರಾಜನಗರದಲ್ಲಿ, ಸಾಲಿಗ್ರಾಮಕ್ಕೆ ಹೋಗುವ ರಸ್ತೆಯ ಪಕ್ಕ. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ನಾನು, ನನ್ನ ಗಂಡ ಶಿವಣ್ಣ, ಅತ್ತೆ, ಮೂವರದೇ ಸಂಸಾರ. ಶಿವಣ್ಣ ರೈಸ್ ಮಿಲ್ಲಿನಲ್ಲಿ ಮಷಿನ್ ನೋಡಿಕೊಳ್ಳುತ್ತಾರೆ. ಮಾವ ಅದೇ ಮಿಲ್ಲಿನ ಅಕ್ಕಿಯನ್ನು ಲಾರಿಯಲ್ಲಿ ಮಂಗಳೂರಿಗೆ ಹೊಡೆದು ಹೊಡೆದು ಮುದುಕರಾದವರು. ನಮ್ಮ ಕಡೆ ಮೀನು ಎಂದರೆ ಕೆರೆ ಮೀನು, ಹೊಳೆ ಮೀನು. ಮಾವನ ನಾಲಿಗೆಗೆ ಅದು ಹತ್ತುತ್ತಿರಲಿಲ್ಲ. ವಾಪಸು ಬರುವಾಗ ಐಸಿನ ಡಬ್ಬಿಯಲ್ಲಿ ಸಿಗಡಿ ತರುತ್ತಿದ್ದರು. ತಂದದ್ದನ್ನು ಮೊರದಲ್ಲಿ ಹರಡಿ ಅವರ ಮುಂದೆ ಇಡಬೇಕಿತ್ತು. ಒಂದೊಂದನ್ನೇ ಒತ್ತಿ, ಮೂಸಿ, ಗಂಟಲಲ್ಲೇ ಊಂ ಅಂದ ಮೇಲೆ ಒಲೆ ಹಚ್ಚಬೇಕು. ಊಂ ಬರದಿದ್ದರೆ ಅಷ್ಟೂ ತಿಪ್ಪೆಗೆ. ಅತ್ತೆ ಎಷ್ಟು ಗೊಣಗಿದರೂ ಆ ವಿಷಯದಲ್ಲಿ ಮಾವ ಬಗ್ಗಿದವರಲ್ಲ.

ಮಾವ ತೀರಿಕೊಂಡ ಮೇಲಿನ ಮೊದಲ ಪಿತೃಪಕ್ಷ ಬಂತು. ನಮ್ಮಲ್ಲಿ ಪಕ್ಷಕ್ಕೆ ಸತ್ತವರಿಗೆ ಎಡೆ ಇಡುತ್ತೇವೆ. ಬದುಕಿದ್ದಾಗ ಯಾರು ಏನು ಇಷ್ಟಪಡುತ್ತಿದ್ದರೋ ಅದೇ ಅವರ ಎಲೆಗೆ. ಬಾಡು ಇಷ್ಟ ಅಂದರೆ ಬಾಡು, ಬೀಡಿ ಇಷ್ಟ ಅಂದರೆ ಒಂದು ಕಟ್ಟು ಬೀಡಿ. ಎಡೆ ಇಟ್ಟು ಧೂಪ ಹಾಕಿ ಕೋಣೆಯ ಬಾಗಿಲು ಮುಚ್ಚುತ್ತೇವೆ. ಒಳಗೆ ಹಿರಿಯರು ಬಂದು ಉಣ್ಣುತ್ತಾರೆ. ನಾವು ಹೊರಗೆ ಸದ್ದಿಲ್ಲದೆ ಕಾದು, ಬಾಗಿಲು ತೆಗೆಯುವ ಮೊದಲು ಒಂದು ಸಲ ಕೆಮ್ಮಿ, ಆಮೇಲೆ ತೆಗೆಯುತ್ತೇವೆ. ಉಳಿದದ್ದು ನಮಗೆ. ಸಣ್ಣ ವಯಸ್ಸಿನಿಂದ ಮಾಡಿಕೊಂಡು ಬಂದದ್ದರಿಂದ ಅದರಲ್ಲಿ ಭಯಪಡುವಂಥದ್ದು ಏನಿದೆ ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಮಾವನ ಎಡೆಗೆ ಸಿಗಡಿಯೇ ಆಗಬೇಕು ಎಂದು ಅತ್ತೆ ಹಟ ಹಿಡಿದರು. ಮಾವನ ಲಾರಿಯಲ್ಲಿ ಕ್ಲೀನರಾಗಿದ್ದು ಈಗ ಅದೇ ದಾರಿಯಲ್ಲಿ ಲಾರಿ ಓಡಿಸುವ ಜವರಪ್ಪ, ಗುರುವಿನ ಋಣ ಎಂದು ತಾನೇ ಒಪ್ಪಿಕೊಂಡ. ಪಿರಿಯಾಪಟ್ಟಣ ದಾಟಿದ ಮೇಲೆ ಅವನ ಲಾರಿ ಕೆಟ್ಟು ನಿಂತಿತು. ಮೆಕ್ಯಾನಿಕ್ ಬರುವವರೆಗೆ ಬಿಸಿಲಲ್ಲಿ ಐಸು ಕರಗಿತು. ಹುಣಸೂರಿನಲ್ಲಿ ಸೋಡಾ ಅಂಗಡಿಯವನನ್ನು ಕಾಡಿ ಬೇಡಿ ಮತ್ತೆ ಐಸು ತುಂಬಿಸಿಕೊಂಡು, ಬಿಳಿಕೆರೆಯಲ್ಲಿ ನಮ್ಮ ರಸ್ತೆಗೆ ತಿರುಗಿ ಸಂಜೆಗೆ ಮನೆ ಮುಟ್ಟಿದ. ಇಷ್ಟನ್ನೂ ಅವನೇ ಹೇಳಿದ. ವಾಸನೆ ಏನೂ ಇರಲಿಲ್ಲ. ಕೈಗಿಂತ ಉದ್ದದ ಮೀಸೆಯ ದಪ್ಪ ಸಿಗಡಿಗಳು. ಎಲ್ಲವನ್ನೂ ಫ್ರಿಜ್ಜಿಗೆ ಇಟ್ಟೆವು.

ಮಾರನೇ ದಿನ ಬೆಳಗ್ಗೆ ಅತ್ತೆ ಅವನ್ನು ಮೊರದಲ್ಲಿ ಹರಡಿದರು. ನಾನು ಈಳಿಗೆ ಮಣೆ ಹಾಕಿಕೊಂಡು ಕೂತೆ. ಅತ್ತೆ ತಡೆದರು. ಅವರು ನೋಡದೆ ಯಾವತ್ತಾದರೂ ಬೇಯಿಸಿದ್ದುಂಟಾ ಎಂದರು. ಮೊರವನ್ನು ಎಡೆ ಕೋಣೆಗೆ ಒಯ್ದು ಮಾವನ ಫೋಟೋ ಮುಂದೆ ಇಟ್ಟು ಬಾಗಿಲೆಳೆದರು. ಅದು ಮೊದಲು ಅಕ್ಕಿ ಮೂಟೆ ಇಡುತ್ತಿದ್ದ ಕೋಣೆ, ಕಿಟಕಿಯಿಲ್ಲ. ಎಡೆ ಇನ್ನೂ ಆಗಿರಲಿಲ್ಲವಾದ್ದರಿಂದ ದೀಪವನ್ನೂ ಹಚ್ಚಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅತ್ತೆ ಕೆಮ್ಮಿ ಬಾಗಿಲು ತೆಗೆದರು. ಮೊರ ಎತ್ತಿಕೊಳ್ಳಲು ನಾನು ಒಳಗೆ ಹೋದೆ, ಬಾಗಿಲು ಹಿಂದಿನಿಂದ ತಾನೇ ಮುಚ್ಚಿಕೊಂಡಿತು.

ಮೊರದಲ್ಲಿ ಬೆಳಕಿತ್ತು.

ಗ್ಯಾಸ್ ಒಲೆಯನ್ನು ತೀರಾ ಸಣ್ಣ ಮಾಡಿದಾಗ ಕಾಣುವ ನೀಲಿ, ಅದೂ ಅಲ್ಲಾಡದ ನೀಲಿ. ಪ್ರತಿ ಸಿಗಡಿಯ ಬೆನ್ನೂ ಅಂಚು ಕಟ್ಟಿದಂತೆ ಬೆಳಗುತ್ತಿತ್ತು. ಅದರ ಮಬ್ಬಿನಲ್ಲಿ ಫೋಟೋದ ಗಾಜು ಕಾಣುತ್ತಿತ್ತು, ಗಾಜಿನೊಳಗೆ ಮಾವನ ಮೀಸೆ ಕಾಣುತ್ತಿತ್ತು. ಕೈ ಚಾಚಿ ಒಂದನ್ನು ಮುಟ್ಟಿದೆ. ಬೆರಳ ತುದಿಗೂ ಬೆಳಕು ಅಂಟಿಕೊಂಡು ಬಂತು. ಬಾಗಿಲು ತೆಗೆದು ನೋಡಿದರೆ ಬರೀ ಸಿಗಡಿ, ಬರೀ ಬೆರಳು. ಮುಚ್ಚಿದರೆ ಮತ್ತೆ ಅದೇ. ಅತ್ತೆಯನ್ನು ಒಳಗೆ ಕರೆದೆ.

ಅತ್ತೆಗೆ ನನ್ನ ಹಾಗೆ ಭಯವಾಗಲಿಲ್ಲ. ಅವರು ಸೆರಗನ್ನು ತಲೆ ಮೇಲೆ ಎಳೆದುಕೊಂಡರು. ಮಾವ ಮನೆಯೊಳಗೆ ಬಂದಾಗ ಹಾಗೆ ಎಳೆದುಕೊಳ್ಳುವುದು ಅವರ ರೂಢಿ.

"ಬಂದವ್ರೆ ಕಣವ್ವ," ಎಂದರು ಪಿಸುದನಿಯಲ್ಲಿ. "ಯಾರ್ಗೂ ಏಳ್ಬೇಡ, ಮಗಂಗೂ ಏಳ್ಬೇಡ. ಬಾಯ್ಬುಟ್ರೆ ಒಂಟೋಯ್ತಾರೆ."

ನಾನು ನಂಬಿದೆನಾ ಎಂದು ಕೇಳಬಹುದು. ಆ ಕೋಣೆಯಲ್ಲಿ ನಿಂತಿದ್ದರೆ ನೀವೂ ನಂಬುತ್ತಿದ್ದಿರಿ.

ಅಡುಗೆಮನೆಯಲ್ಲಿ ಸಿಪ್ಪೆ ಬಿಡಿಸಲು ಕೂತೆ. ಮನಸ್ಸು ಕೈಯ ಮೇಲಿರಲಿಲ್ಲ. ಸಿಗಡಿಯ ಮೂತಿಯಲ್ಲಿ ಗರಗಸದಂಥ ಒಂದು ಮುಳ್ಳು ಇರುತ್ತದೆ. ಅದು ಬಲಗೈಯ ಹೆಬ್ಬೆರಳಿನ ಬುಡಕ್ಕೆ ಚುಳ್ ಎಂದು ಹೊಕ್ಕಿತು. ರಕ್ತ ಬಂತು, ತೊಳೆದುಕೊಂಡೆ. ಸೂಜಿ ಚುಚ್ಚಿಸಿಕೊಂಡೇ ಬದುಕುವ ಕೈ, ಅದನ್ನೊಂದು ದೊಡ್ಡದು ಮಾಡಲಿಲ್ಲ. ಸಾಯಂಕಾಲ ಎಡೆ ಇಟ್ಟೆವು. ಚೆನ್ನಾಗಿ ಬೇಯಿಸಿದ್ದ ಸಿಗಡಿ ಸಾರನ್ನು ಮೂವರೂ ತಿಂದೆವು, ಜವರಪ್ಪನೂ ತಿಂದ. ಯಾರಿಗೂ ಒಂದು ತೇಗು ಕೂಡ ಹೆಚ್ಚು ಬರಲಿಲ್ಲ.

ಬೆಳಗ್ಗೆ ಎದ್ದಾಗ ನನ್ನ ಕೈ ಬಳೆಯನ್ನು ನುಂಗಿತ್ತು. ನಡುಕದ ಜ್ವರ. ಹೆಬ್ಬೆರಳ ಬುಡದಿಂದ ಒಂದು ನೇರಳೆ ಬಣ್ಣ ಮಣಿಕಟ್ಟು ದಾಟಿತ್ತು. ನೋವು ಎಷ್ಟೆಂದರೆ ಗಾಳಿ ಸೋಕಿದರೂ ಕಿರುಚುವಂತಿತ್ತು. ಶಿವಣ್ಣ ಬೈಕಿನಲ್ಲಿ ಊರಿನ ಕ್ಲಿನಿಕ್ಕಿಗೆ ಕರೆದೊಯ್ದರು. ಅತ್ತೆ ಹಿಂದೆಯೇ ಆಟೋದಲ್ಲಿ ಬಂದರು. ಡಾಕ್ಟರು ಏನು ಚುಚ್ಚಿತು ಎಂದು ಕೇಳಿದ್ದಕ್ಕೆ ಶಿವಣ್ಣ, ಟೈಲರ್ ಅಲ್ವಾ ಸಾರ್, ಸೂಜಿ, ಎಂದರು. ಯಾರು ಬೇಕಾದರೂ ಹಾಗೇ ಹೇಳುತ್ತಿದ್ದರು. ನಾನು ಬಾಯಿ ತೆರೆದೆ. ಅತ್ತೆ ನನ್ನ ಹೆಗಲನ್ನು ಒತ್ತಿದರು. ಸಕ್ಕರೆ ಕಾಯಿಲೆ ಇದೆಯಾ ಎಂದು ಡಾಕ್ಟರು ಕೇಳಿದರು, ಇದೆ ಎಂದೆ. ಇಂಜೆಕ್ಷನ್ ಕೊಟ್ಟರು. ಮಧ್ಯಾಹ್ನದೊಳಗೆ ನೇರಳೆ ಬಣ್ಣ ಇನ್ನೂ ಮೇಲಕ್ಕೆ ಹತ್ತಿ, ಮೇಲೆ ನೀರುಗುಳ್ಳೆ ಎದ್ದು, ಒಳಗಿನ ನೀರು ಕಪ್ಪಾಗಿತ್ತು. ಅದೇ ಡಾಕ್ಟರು ನೋಡಿ ಮೈಸೂರಿಗೆ ಹೊರಡಿ, ನಿಲ್ಲಬೇಡಿ ಎಂದರು.

ಮೈಸೂರಿನ ದೊಡ್ಡ ಆಸ್ಪತ್ರೆಯ ಕಾಯುವ ಜಾಗದಲ್ಲಿ ನನ್ನನ್ನು ಒಂದು ತಳ್ಳುಗಾಡಿಯ ಮೇಲೆ ಮಲಗಿಸಿದ್ದರು. ಹಿಂದೆ ಮುಂದೆ ಅಂಥದೇ ಗಾಡಿಗಳು. ಊರಿನ ಡಾಕ್ಟರ ಚೀಟಿ ನೋಡಿ ಇಲ್ಲಿಯೂ ಸೂಜಿ ಎಂದೇ ಬರೆದುಕೊಂಡಿದ್ದರು. ಪಕ್ಕದ ಬೆಂಚಿನಲ್ಲಿ ಎಚ್.ಡಿ.ಕೋಟೆ ಕಡೆಯ ಒಬ್ಬ ಹೆಂಗಸು, ಹಂದಿ ತಿವಿದ ಗಂಡನನ್ನು ಕರೆತಂದು ಕೂತಿದ್ದಳು. ನಿಮಗೇನಕ್ಕ ಆಗಿದ್ದು ಎಂದಳು. ಶಿವಣ್ಣ ಔಷಧಿ ತರಲು ಹೋಗಿದ್ದರು, ಅತ್ತೆಯನ್ನು ಅವರು ಊರಲ್ಲೇ ಬಿಟ್ಟು ಬಂದಿದ್ದರು. ಯಾರ ಭಯವೂ ಇಲ್ಲವಲ್ಲ ಎಂದು, ಸಿಗಡಿ ಚುಚ್ಚಿತು ಎಂದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ಅವಳ ಗಂಡನೂ ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೂ ನಗು ಬಂತು. ಆಮೇಲೆ ಅವಳು ತನ್ನ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ, ನನ್ನ ಕೈಗೆ ಕೊಡಲಾಗದೆಂದು ತಾನೇ ಕುಡಿಸಿದಳು. ಅವಳ ಹೆಸರು ಕೇಳಲಿಲ್ಲ. ಅಷ್ಟು ಸಿಹಿಯಾದ ಕಾಫಿ ಸಕ್ಕರೆ ಕಾಯಿಲೆಯವಳು ಕುಡಿಯಬಾರದಿತ್ತು, ಕುಡಿದೆ.

ಆ ದಿನವೇ ಕೈಯನ್ನು ಸೀಳಿ ಕೆಟ್ಟ ನೀರು ಬಿಟ್ಟರು. ಎಚ್ಚರವಾದಾಗ ಕೈ ಬಿಳಿ ಬಟ್ಟೆಯ ಮೂಟೆಯಾಗಿತ್ತು. ಹಾಸಿಗೆಯ ಕಾಲ ಬಳಿ ಸರ್ಜನ್ನರು ಶಿವಣ್ಣನಿಗೆ ಹೇಳುತ್ತಿದ್ದದ್ದು ಕೇಳಿಸಿತು. ಇದು ಯಾಕೆ ಮೇಲಕ್ಕೆ ಏರುತ್ತಿದೆಯೋ ಗೊತ್ತಾಗುತ್ತಿಲ್ಲ, ಕೊಡುತ್ತಿರುವ ಔಷಧಿಗೆ ಬಗ್ಗುತ್ತಿಲ್ಲ, ಹೀಗೇ ಏರಿದರೆ ಕೈ ತೆಗೆಯಬೇಕಾಗುತ್ತದೆ, ಇಲ್ಲದಿದ್ದರೆ ಜೀವಕ್ಕೇ ಬರುತ್ತದೆ ಎಂದರು. ಎಲ್ಲಿಯವರೆಗೆ ಎಂದು ಶಿವಣ್ಣ ಕೇಳಿದರು. ಸರ್ಜನ್ನರು ತಮ್ಮ ತೋಳನ್ನೇ ತೋರಿಸಿದರು, ಮೊಣಕೈಗಿಂತ ಮೇಲೆ. ತೋಳಿನ ಅಳತೆ ತೆಗೆಯುವಾಗ ನಾನು ಟೇಪು ಇಡುವ ಜಾಗವದು. ಆಗ ನನಗೆ ಅಳು ಬಂತು.

ಅತ್ತು ಮುಗಿದ ಮೇಲೆ ಕಂಬಳಿಯೊಳಗೆ ತಲೆ ಹಾಕಿದೆ. ಹೊರಗೆ ಒಳ್ಳೆ ಬೆಳಗು, ವಾರ್ಡಿನಲ್ಲಿ ಆಯಾ ನೆಲ ಒರೆಸುತ್ತಿದ್ದಳು. ಕಂಬಳಿಯೊಳಗೆ ಮಾತ್ರ ಕತ್ತಲೆ. ಆ ಕತ್ತಲೆಯಲ್ಲಿ ಕೈಯನ್ನು ನೋಡಿದೆ. ಬಟ್ಟೆಯ ಸುತ್ತಿನ ಸಂದಿಯಲ್ಲಿ, ಬೆರಳು ಹೊರಬರುವ ಕಡೆ, ಅದೇ ನೀಲಿ ಇತ್ತು. ತುಂಬಾ ಮಂಕಾಗಿ, ಅಲ್ಲಾಡದೆ ಇತ್ತು. ಜ್ವರಕ್ಕೆ ಹಾಗೆ ಕಂಡಿರಬಹುದು ಎಂದು ಆಮೇಲೆ ಎಲ್ಲರೂ ಹೇಳಿದರು. ಇರಬಹುದು. ಆದರೆ ಆಗ ಅದು ನನ್ನ ಕೈಯನ್ನು ಒಳಗಿನಿಂದ ಯಾರೋ ಹಿಡಿದುಕೊಂಡಂತೆ ಇತ್ತು, ಮೆಲ್ಲಗೆ ಒತ್ತಿ ನೋಡುತ್ತಿರುವ ಹೆಬ್ಬೆರಳಿನಂತೆ. ನನ್ನ ಬಗ್ಗೆ ಊಂ ಅನ್ನುತ್ತಾರೋ ಇಲ್ಲವೋ ಎಂದು ನಾನು ಉಸಿರು ಹಿಡಿದು ಕಾಯುತ್ತಿದ್ದೆ.

ಕಂಬಳಿ ಸರಿಸಿದವರು ವಾರ್ಡಿನ ಡಾಕ್ಟರು, ಇನ್ನೂ ಚಿಕ್ಕ ವಯಸ್ಸಿನ ಹುಡುಗಿ. ಏನು ನೋಡುತ್ತಿದ್ದೀರಿ ಎಂದು ಕೇಳಿದರು. ಬೆಳಕು ಎಂದೆ. ಬೇರೆಯವರಾಗಿದ್ದರೆ ಜ್ವರದ ಬಡಬಡಿಕೆ ಎಂದು ಹೋಗಿಬಿಡುತ್ತಿದ್ದರು. ಇವರು ಸ್ಟೂಲ್ ಎಳೆದುಕೊಂಡು ಕೂತು, ಯಾವ ಬೆಳಕು, ಮೊದಲು ಎಲ್ಲಿ ಕಂಡಿರಿ ಎಂದರು. ಬಾಯಿ ಬಿಟ್ಟರೆ ಹೊರಟುಹೋಗುತ್ತಾರೆ ಎಂಬ ಅತ್ತೆಯ ಮಾತು ನೆನಪಾಯಿತು. ಹೊರಟುಹೋಗಲಿ, ನನ್ನ ಕೈ ಬಿಟ್ಟು ಹೋಗಲಿ ಎಂದುಕೊಂಡು ಎಲ್ಲವನ್ನೂ ಹೇಳಿದೆ. ಲಾರಿ ಕೆಟ್ಟದ್ದು, ಮೊರ, ಮುಳ್ಳು, ಎಲ್ಲ.

ಅವರ ಮುಖ ನಾನು ಹೇಳುತ್ತಿದ್ದಂತೆ ಬದಲಾಯಿತು. "ಸಮುದ್ರದ್ದಾ? ಸಮುದ್ರದ ಸಿಗಡಿನಾ?" ಎಂದು ಮತ್ತೆ ಮತ್ತೆ ಕೇಳಿದರು. ಸಮುದ್ರದಿಂದ ಇಷ್ಟು ದೂರದ ಕೆ.ಆರ್.ನಗರದ ಟೈಲರ್ ಹೆಂಗಸಿನ ಕೈಯಲ್ಲಿ ಸಮುದ್ರದ ರೋಗಾಣುವನ್ನು ಯಾರು ತಾನೇ ಹುಡುಕುತ್ತಾರೆ? ಅವರು ಓಡುತ್ತಲೇ ಹೋದರು. ಸ್ವಲ್ಪ ಹೊತ್ತಿನಲ್ಲಿ ನನ್ನ ಸಲೈನಿನ ಬಾಟಲಿ ಬದಲಾಯಿತು, ಬೇರೆ ಔಷಧಿ ಇಳಿಯತೊಡಗಿತು. ಆ ಸಿಗಡಿ ಏನಾದರೂ ಉಳಿದಿದ್ದರೆ ತರಿಸಿ, ಲ್ಯಾಬಿನಲ್ಲಿ ಬೆಳೆಸಿ ನೋಡಿದರೆ ಯಾವುದು ಎಂದು ಖಚಿತವಾಗುತ್ತದೆ, ಯಾವ ಔಷಧಿಗೆ ಸಾಯುತ್ತದೆ ಎನ್ನುವುದೂ ಗೊತ್ತಾಗುತ್ತದೆ, ನಾವು ಊಹೆಯ ಮೇಲೆ ಕೊಡುತ್ತಿದ್ದೇವೆ ಎಂದು ಶಿವಣ್ಣನಿಗೆ ಹೇಳಿದರು. ಮೊದಲೇ ಬೇರೆ ಔಷಧಿ ಕೊಟ್ಟಿದ್ದರಿಂದ ನನ್ನ ಗಾಯದ ಕೀವಿನಲ್ಲಿ ಏನೂ ಬೆಳೆದಿರಲಿಲ್ಲವಂತೆ.

ಶಿವಣ್ಣ ಮನೆಗೆ ಫೋನ್ ಮಾಡಿದರು. ಏನೂ ಉಳಿದಿಲ್ಲ ಎಂದರು ಅತ್ತೆ. ಶಿವಣ್ಣ ಕೈ ತೆಗೆಯುವ ವಿಷಯ ಹೇಳಿದರು. ಹಲೋ ಹಲೋ ಎಂದು ಕೂಗಿ ಇವರೇ ಇಟ್ಟರು.

ಮಾರನೇ ದಿನ ಬೆಳಗ್ಗೆ ಅತ್ತೆ ಬಂದರು. ಒಂಟಿಯಾಗಿ ಮೈಸೂರಿಗೆ ಬಂದವರೇ ಅಲ್ಲ ಅವರು. ಸೆರಗು ತಲೆ ಮೇಲಿತ್ತು. ಮಡಿಲಲ್ಲಿ ಒಂದು ಸ್ಟೀಲ್ ಡಬ್ಬಿ, ಮುಚ್ಚಳದ ಸುತ್ತ ಅರಿಶಿನದ ದಾರ. ನನ್ನ ಮಂಚದ ಹತ್ತಿರ ಬರಲಿಲ್ಲ. ವಾರ್ಡಿನ ಬಾಗಿಲಲ್ಲೇ ನಿಂತು ಮಗನಿಗೆ ಹೇಳಿದರು.

"ಕರ್ಕಬಂದಿವ್ನಿ ಕಣಪ್ಪ ಅವ್ರ್ನ."

ಶಿವಣ್ಣನಿಗೆ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು. ಎಡೆಯ ದಿನ ಅತ್ತೆ ಒಂದು ಹಿಡಿ ಹಸಿ ಸಿಗಡಿಯನ್ನು ಸಾರಿಗೆ ಹಾಕದೆ ತೆಗೆದಿಟ್ಟಿದ್ದರು. ತಿನ್ನುವುದಕ್ಕಲ್ಲ, ಇಟ್ಟುಕೊಳ್ಳುವುದಕ್ಕೆ. ನಾವು ಆಸ್ಪತ್ರೆಯಲ್ಲಿದ್ದಷ್ಟು ಹೊತ್ತು ಅವರು ಆ ಡಬ್ಬಿಯನ್ನು ಫ್ರಿಜ್ಜಿನಿಂದ ತೆಗೆದು, ಎಡೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಮುಚ್ಚಳ ತೆರೆದು ಎದುರಿಗೆ ಕೂರುತ್ತಿದ್ದರಂತೆ. ಮನೆ ಸುದ್ದಿ ಹೇಳುತ್ತಿದ್ದರಂತೆ. ಆಮೇಲೆ ಬೇಡಿಕೊಳ್ಳಲು ಶುರು ಮಾಡಿದರಂತೆ. ಯಾಕೆಂದರೆ ನನ್ನ ಕೈ ಹಿಡಿದದ್ದು ಮಾವನೇ ಎಂದು ಅವರಿಗೆ ಖಾತ್ರಿಯಾಗಿತ್ತು.

ಅದಕ್ಕೆ ಒಂದು ಕಾರಣವೂ ಅವರ ಬಳಿ ಇತ್ತು. ಮಾವ ಸತ್ತ ಮೇಲೆ ಮುಂದಿನ ಕೋಣೆಯಲ್ಲಿದ್ದ ಅವರ ಮಂಚವನ್ನು ನಾನು ಹಿತ್ತಲಿಗೆ ಹಾಕಿಸಿ, ಅಲ್ಲಿ ಎರಡನೇ ಹೊಲಿಗೆ ಮಷಿನ್ ಇಟ್ಟಿದ್ದೆ. ಸತ್ತವರಿಗೆ ಮಂಚ ಬೇಡ, ಬದುಕಿದ್ದವರಿಗೆ ಮಷಿನ್ ಬೇಕು. ಈಗಲೂ ನಾನು ಹಾಗೇ ಹೇಳುತ್ತೇನೆ. ಆದರೆ ಅತ್ತೆಯ ಲೆಕ್ಕದಲ್ಲಿ ಮಾವ ಮಂಚ ಹುಡುಕಿಕೊಂಡು ಬಂದು, ಅದು ಕಾಣದೆ ಸಿಟ್ಟಾಗಿ, ಮಷಿನ್ ತುಳಿಯುವವಳ ಕೈಯನ್ನೇ ಹಿಡಿದಿದ್ದರು. ಬೇರೆಯವರ ಮುಂದೆ ಇದನ್ನು ಹೇಗೆ ಹೇಳುವುದು? ಗಂಡ ಸೊಸೆಯ ಜೀವ ತೆಗೆಯಲು ಬಂದಿದ್ದಾನೆ ಎಂದು ಯಾವ ಹೆಂಡತಿ ಹೇಳುತ್ತಾಳೆ? ಅದಕ್ಕೇ ಸೂಜಿಯ ಸುಳ್ಳಿಗೆ ಅವರು ಹೆಗಲೊತ್ತಿದ್ದು. ಒಳಗೊಳಗೇ ಗಂಡನನ್ನು ಒಲಿಸಿ ನನ್ನನ್ನು ಬಿಡಿಸಿಕೊಳ್ಳಬಹುದು ಎಂದುಕೊಂಡಿದ್ದರು. ಕೈ ತೆಗೆಯುತ್ತಾರೆ ಎಂದು ಮಗ ಹೇಳಿದ ಮೇಲೆ, ಮಾತು ಕೇಳದ ಗಂಡನನ್ನು ಡಬ್ಬಿಯಲ್ಲಿ ಹಾಕಿ ದಾರ ಕಟ್ಟಿ, ಮೊದಲ ಬಸ್ಸು ಹತ್ತಿದ್ದರು. ಇದೆಲ್ಲವನ್ನೂ ಅವರು ನನಗೆ ಹೇಳಿದ್ದು ಎಷ್ಟೋ ದಿನದ ಮೇಲೆ. ಆವತ್ತು ಬರೀ ಡಬ್ಬಿ ಕೊಟ್ಟು ಹೊರಗೆ ಹೋಗಿ ಕೂತರು.

ಲ್ಯಾಬಿನವರು ಸಿಗಡಿಯಲ್ಲಿದ್ದದ್ದನ್ನು ಬೆಳೆಸಿ ಹೆಸರು ಹಿಡಿದರು. ಡಾಕ್ಟರ ಊಹೆ ಸರಿಯಾಗಿತ್ತು. ಅದು ಬೆಚ್ಚಗಿನ ಸಮುದ್ರದ ನೀರಿನಲ್ಲಿ ಇರುವಂಥದ್ದು, ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ, ಹಸಿಯಾಗಿ ಗಾಯಕ್ಕೆ ಹೊಕ್ಕರೆ, ಅದೂ ಸಕ್ಕರೆ ಇರುವವರ ಮೈಗೆ ಹೊಕ್ಕರೆ, ಗಂಟೆಗಳ ಲೆಕ್ಕದಲ್ಲಿ ತಿನ್ನುತ್ತದೆ ಎಂದರು. ಇನ್ನೊಂದು ಔಷಧಿಯನ್ನು ಜೊತೆಗೆ ಸೇರಿಸಿದರು. ನೇರಳೆ ಬಣ್ಣ ಮೊಣಕೈಯ ಹತ್ತಿರ ಬಂದು ನಿಂತಿತು. ನರ್ಸು ಅದರ ಅಂಚಿಗೆ ಪೆನ್ನಿನಿಂದ ಗೆರೆ ಎಳೆದಿದ್ದಳು. ನಾನು ಚಾಕ್ ಗೆರೆ ನೋಡಿ ಕತ್ತರಿ ಹಾಕುವವಳು, ಆ ಗೆರೆಯನ್ನು ಬಿಟ್ಟ ಕಣ್ಣು ಬಿಟ್ಟಂತೆ ಕಾದೆ. ಬಣ್ಣ ಗೆರೆ ದಾಟಲಿಲ್ಲ. ಬೆಳಗಾದ ಮೇಲೂ ದಾಟಿರಲಿಲ್ಲ. ಡಾಕ್ಟರ್ ಹುಡುಗಿ ಬಂದು ನೋಡಿ ನನ್ನ ಕೆನ್ನೆ ತಟ್ಟಿದರು.

ಆಮೇಲಿನದು ಬೇಸರದ ಕಥೆ. ಸತ್ತ ಚರ್ಮ ತೆಗೆಯುವುದು, ಬಟ್ಟೆ ಬದಲಾಯಿಸುವಾಗ ಹಲ್ಲು ಕಚ್ಚುವುದು, ತೊಡೆಯ ಚರ್ಮ ತಂದು ಹಾಕುವುದು. ವಾರ್ಡಿನ ಆಯಾ ಒಂದು ಮಧ್ಯಾಹ್ನ ಯಾರೂ ಹೇಳದೆ ಬಕೆಟ್ ತಂದು, ನನ್ನ ತಲೆಯನ್ನು ಮಂಚದ ಅಂಚಿಗೆ ಎಳೆದುಕೊಂಡು ಸೀಗೆಪುಡಿ ಹಾಕಿ ತೊಳೆದಳು. ಅಷ್ಟು ದಿನದಲ್ಲಿ ನಾನು ಮನುಷ್ಯಳಾಗಿದ್ದದ್ದು ಅಷ್ಟು ಹೊತ್ತು. ಶಿವಣ್ಣ ನನಗೆ ಎಡಗೈಯಲ್ಲಿ ಊಟ ಮಾಡುವುದನ್ನು ಕಲಿಸಲು ತಾವೂ ಎಡಗೈಯಲ್ಲಿ ತಿಂದು ಅಂಗಿಯ ಮೇಲೆಲ್ಲ ಸಾರು ಚೆಲ್ಲಿಕೊಂಡರು.

ಅತ್ತೆ ದಿನವೂ ಬಂದರು, ಹೊರಗೆ ಕೂತರು, ರಾಗಿ ಗಂಜಿ ಕಳಿಸಿದರು. ನನ್ನ ಹತ್ತಿರ ಬಂದರೂ ಬಲಗಡೆಗೆ ಬರುತ್ತಿರಲಿಲ್ಲ. ನನಗೆ ಅದು ಕೈ ನೋವಿಗಿಂತ ಹೆಚ್ಚು ನೋಯಿಸಿತು. ಕೈ ಉಳಿದಿತ್ತು, ಆದರೆ ಅವರ ಮನಸ್ಸಿನಲ್ಲಿ ಅದು ನನ್ನ ಕೈಯಾಗಿ ಉಳಿದಿರಲಿಲ್ಲ. ಒಮ್ಮೆ ಹಿಡಿದವರು ಮತ್ತೆ ಹಿಡಿಯುವುದಿಲ್ಲ ಎಂದು ಏನು ಗ್ಯಾರಂಟಿ ಎನ್ನುವ ಹಾಗೆ ಅವರು ಅದನ್ನು ನೋಡುತ್ತಿದ್ದರು. ನಿಜ ಹೇಳಬೇಕೆಂದರೆ ನಾನೂ ಹಾಗೆಯೇ ನೋಡುತ್ತಿದ್ದೆ. ಔಷಧಿ ಕೆಲಸ ಮಾಡಿದ್ದು ನನಗೆ ಗೊತ್ತಿತ್ತು. ಆದರೂ ದಿನಕ್ಕೊಂದು ಸಲ ಕಂಬಳಿಯೊಳಗೆ ತಲೆ ಹಾಕಿ ಪರೀಕ್ಷೆ ಮಾಡದೆ ಸಮಾಧಾನವಿರಲಿಲ್ಲ. ಈ ಭಯ ಹೊತ್ತುಕೊಂಡು ಒಂದೇ ಸೂರಿನ ಕೆಳಗೆ ಇಬ್ಬರು ಹೆಂಗಸರು ಹೇಗೆ ಬದುಕುವುದು ಎಂದು ಯೋಚಿಸುತ್ತ ಮಲಗಿರುತ್ತಿದ್ದೆ.

ಡಿಸ್ಚಾರ್ಜ್ ಆಗುವ ದಿನ ಅತ್ತೆ ಡಾಕ್ಟರ ಹಿಂದೆ ಬಿದ್ದರು. ತಾನು ಕೊಟ್ಟ ಡಬ್ಬಿ ಎಲ್ಲಿ, ಅದರಲ್ಲಿದ್ದದ್ದು ಎಲ್ಲಿ ಎಂದು. ಡಬ್ಬಿ ವಾಪಸು ಬೇಕೇನೋ ಎಂದುಕೊಂಡ ಡಾಕ್ಟರು ಹೊಸದೊಂದು ಕೊಡಿಸುತ್ತೇನೆ ಎಂದರು. ಡಬ್ಬಿ ಯಾರಿಗೆ ಬೇಕು ಎಂದು ಅತ್ತೆ ರೇಗಿದರು. ನಾನು ಡಾಕ್ಟರಿಗೆ ಗುಟ್ಟಾಗಿ ವಿಷಯ ತಿಳಿಸಿದೆ. ಅವರು ಯೋಚಿಸಿ, ಲ್ಯಾಬಿನ ಮೇಡಂಗೆ ಫೋನ್ ಮಾಡಿ, ನಮ್ಮಿಬ್ಬರನ್ನೂ ಕೆಳಗೆ ಕಳಿಸಿದರು.

ಲ್ಯಾಬು ನೆಲಮಾಳಿಗೆಯಲ್ಲಿತ್ತು. ಬೆಂದ ಮಣ್ಣಿನಂಥ ಒಂದು ವಾಸನೆ. ಮೇಡಂ ನಮಗೆ ಏನೂ ಮುಟ್ಟಬಾರದು ಎಂದು ಹೇಳಿ, ಗಾಜಿನ ಕಿಟಕಿಯ ಈಚೆ ನಿಲ್ಲಿಸಿದರು. ಗ್ಲೌಸ್ ಹಾಕಿಕೊಂಡು ಎರಡು ಚಿಕ್ಕ ಮುಚ್ಚಿದ ತಟ್ಟೆಗಳನ್ನು ತಂದು ಗಾಜಿನ ಆಚೆ ಇಟ್ಟರು. ಇಷ್ಟು ದಿನ ಓದುವ ಹುಡುಗರಿಗೆ ತೋರಿಸಲೆಂದು ಇಟ್ಟುಕೊಂಡಿದ್ದೆವು, ಇವತ್ತು ಬೇಯಿಸಿ ನಾಶ ಮಾಡುತ್ತೇವೆ, ನೀವು ಒಳ್ಳೆ ಹೊತ್ತಿಗೆ ಬಂದಿರಿ ಎಂದರು. ಆಮೇಲೆ ಲೈಟ್ ಆರಿಸಿದರು.

ಒಂದು ತಟ್ಟೆ ಬೆಳಗಿತು. ಮೊರದಲ್ಲಿ ಕಂಡ ಅದೇ ನೀಲಿ. ಇಲ್ಲಿ ಬೊಟ್ಟು ಬೊಟ್ಟಾಗಿ, ಒಂದು ಸಾಲಿನಲ್ಲಿ, ಯಾರೋ ಬೆರಳಿನಿಂದ ಗೆರೆ ಎಳೆದಂತೆ ಇತ್ತು. ನನ್ನ ಬಲಗೈ ತಾನಾಗಿ ಸೆರಗಿನೊಳಗೆ ಹೋಯಿತು. ಪಕ್ಕದಲ್ಲಿ ಅತ್ತೆಯ ಸೀರೆ ಸರಿದ ಸದ್ದಾಯಿತು. ನೋಡದಿದ್ದರೂ ಗೊತ್ತು, ಅವರು ಸೆರಗನ್ನು ತಲೆ ಮೇಲೆ ಎಳೆದುಕೊಂಡರು.

ಆಮೇಲೆ ಕತ್ತಲೆಯಲ್ಲೇ ಕೇಳಿದರು. "ನನ್ ಸೊಸೆ ಕೈ ತಿಂದಿದ್ದು ಇದೇಯಾ?"

"ಇದಲ್ಲಮ್ಮ," ಎಂದರು ಮೇಡಂ. "ಇದು ಬರೀ ಬೆಳಕು ಮಾಡೋದು. ಸಮುದ್ರದ ಮೀನು, ಸಿಗಡಿ ಮೇಲೆಲ್ಲ ಇರ್ತದೆ, ಐಸಲ್ಲೂ ಬೆಳೀತದೆ. ಕೈ ತಿಂದಿದ್ದು ಪಕ್ಕದ ತಟ್ಟೇದು."

ಪಕ್ಕದಲ್ಲಿ ತಟ್ಟೆ ಇದೆಯೆಂದೇ ಕಾಣುತ್ತಿರಲಿಲ್ಲ. ಬೆಳಗುವ ತಟ್ಟೆಯ ಮಬ್ಬು ಬೆಳಕಿನಲ್ಲಿ ಅದರ ಅಂಚು ಮಾತ್ರ ಸ್ವಲ್ಪ ಕಂಡಿತು. ಒಳಗೆ ಬರೀ ಕಪ್ಪು. ನಾನು ಇಷ್ಟು ದಿನ ಕಂಬಳಿಯೊಳಗೆ ಬೆಳಕನ್ನು ಹುಡುಕುತ್ತಿದ್ದೆ. ನನ್ನನ್ನು ತಿನ್ನುತ್ತಿದ್ದದ್ದಕ್ಕೆ ಬೆಳಕೇ ಇರಲಿಲ್ಲ. ಅದು ಪಕ್ಕದಲ್ಲೇ ಸುಮ್ಮನೆ ಇತ್ತು. ಆ ಕಪ್ಪು ತಟ್ಟೆಯನ್ನು ನೋಡುವಾಗ ಆದಷ್ಟು ಭಯ ನನಗೆ ಎಡೆ ಕೋಣೆಯಲ್ಲೂ ಆಗಿರಲಿಲ್ಲ. ಆದರೆ ಅದು ಬೇರೆ ಜಾತಿಯ ಭಯ, ಹಾವು ಕಂಡಾಗ ಆಗುವಂಥದ್ದು. ಅದಕ್ಕೆ ನನ್ನ ಮೇಲೆ ಸಿಟ್ಟಿರಲಿಲ್ಲ, ನನ್ನ ಹೆಸರೂ ಅದಕ್ಕೆ ಗೊತ್ತಿರಲಿಲ್ಲ. ಸೆರಗಿನೊಳಗಿಂದ ಕೈಯನ್ನು ಹೊರಗೆ ತೆಗೆದೆ.

ಮೇಡಂ ಇನ್ನೂ ಏನೋ ಹೇಳುತ್ತಿದ್ದರು, ಸಕ್ಕರೆ ಇರುವವರು ಹಸಿ ಮೀನು ಮುಟ್ಟುವಾಗ ಗ್ಲೌಸ್ ಹಾಕಬೇಕು, ಸಮುದ್ರದ್ದು ಚುಚ್ಚಿದರೆ ಚುಚ್ಚಿದ್ದು ಏನು ಎಂದು ಡಾಕ್ಟರಿಗೆ ಮೊದಲೇ ಹೇಳಬೇಕು ಎಂದು. ಅತ್ತೆ ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ.

"ಅಂಗಾದ್ರೆ ಅವ್ರು ಇವಳ ಕೈ ಇಡೀಲಿಲ್ಲ," ಎಂದರು ಮೆಲ್ಲಗೆ. ಮೇಡಂಗೆ ಅರ್ಥವಾಗಲಿಲ್ಲ. ನಾನು, ಇಲ್ಲ ಕಣತ್ತೆ, ಅವರು ಹಿಡಿಯಲಿಲ್ಲ ಎಂದೆ. ಅತ್ತೆ ಉಸಿರು ಬಿಟ್ಟದ್ದು ಕೇಳಿಸಿತು. ಇಷ್ಟು ದಿನ ಹೊತ್ತಿದ್ದದ್ದನ್ನು ಇಳಿಸಿದ ಉಸಿರು. ಇನ್ನು ಮನೆಗೆ ಹೋಗಬಹುದು ಎಂದುಕೊಂಡೆ.

ಆದರೆ ಅವರು ಕದಲಲಿಲ್ಲ. ಬೆಳಗುವ ತಟ್ಟೆಯನ್ನೇ ನೋಡುತ್ತಿದ್ದರು. ಆ ನೀಲಿಯಲ್ಲಿ ಅವರ ಮುಖದ ಒಂದು ಪಕ್ಕ ಕಾಣುತ್ತಿತ್ತು. ಅವರಿಗೆ ಇನ್ನೊಂದು ಹೊಳೆಯುತ್ತಿದೆ ಎಂದು ನನಗೆ ಗೊತ್ತಾಯಿತು.

"ಇಡ್ದೋರೂ ಅವ್ರಲ್ಲ," ಎಂದರು. "ಬಂದೋರೂ ಅವ್ರಲ್ಲ."

ಮೇಡಂ ನನ್ನ ಕಡೆ ತಿರುಗಿದರು. ನಾನು ಏನು ಹೇಳಿದರೂ ಸುಳ್ಳಾಗುತ್ತಿತ್ತು, ಇಲ್ಲವೇ ಕ್ರೌರ್ಯವಾಗುತ್ತಿತ್ತು. ಅತ್ತೆ ಕೊನೆಯ ಪ್ರಶ್ನೆ ಕೇಳಿದರು, ಈ ಬೆಳಗುವುದನ್ನೂ ಬೇಯಿಸುತ್ತೀರಾ ಎಂದು. ಎರಡನ್ನೂ, ಇಟ್ಟುಕೊಳ್ಳುವ ಹಾಗಿಲ್ಲ ಎಂದರು ಮೇಡಂ.

ಅತ್ತೆ ತಲೆಯ ಮೇಲಿನ ಸೆರಗನ್ನು ಹಿಂದಕ್ಕೆ ಸರಿಸಿದರು.

"ಲೈಟ್ ಆಕು ಬುಡವ್ವ," ಎಂದರು.